ಇಪ್ಪತ್ತೆರಡನೇ ಗೂಟ

"ತಲೆ ಬಗ್ಗಿಸಿ ಅಮ್ಮ. ಈ ತಂತಿಗೆ ಪೊಲೀಸ್ ಟೋಪಿ ಅಂದ್ರೆ ಭಾರಿ ಪ್ರೀತಿ."

ಗೂಟದಮ್ಮ ಬೇಲಿಯ ಸಂದಿಯನ್ನು ಎಡಗೈಯಿಂದ ಅಗಲಿಸಿ ಹಿಡಿದಿದ್ದಳು. ಇನ್ಸ್‌ಪೆಕ್ಟರಮ್ಮ ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗೊಣಗುತ್ತಲೇ ನುಸುಳಿದಳು. ಹಿಂದೆ ಬಂದ ಕಾನ್‌ಸ್ಟೇಬಲ್‌ನ ಅಂಗಿ ಚರ್ರೆಂದು ಹರಿಯಿತು.

"ಗೇಟು ಅಂತ ಒಂದಿದೆಯಲ್ಲ, ಅದು ಯಾರಿಗೆ?"

"ಜೀಪಿನವರಿಗೆ. ಕೂಲಿಯವರು ಗೇಟಿಗೆ ಹೋದ್ರೆ ಎರಡು ಮೈಲಿ ಸುತ್ತು. ನಾವೆಲ್ಲ ಹೋಗೋದು ಬರೋದು ಇಲ್ಲೇ."

ಎದುರಿಗೆ ದಿಬ್ಬ ನಿಂತಿತ್ತು. ಇಪ್ಪತ್ತು ವರ್ಷ ಕಲ್ಲಿದ್ದಲು ಅಗೆದ ಗುಂಡಿಗೆ ಅದರದ್ದೇ ಕಸ ತುಂಬಿ, ಮೇಲೆ ಒಂದು ಗೇಣು ಮಣ್ಣು ಹೊದಿಸಿ, ಬೀಜ ಎರಚಿ ಮಾಡಿದ ದಿಬ್ಬ. ದೂರದಿಂದ ಹಸಿರು. ಹತ್ತಿರ ಬಂದರೆ ಆ ಹಸಿರಿಗೆ ಅಲ್ಲಲ್ಲಿ ಬೊಕ್ಕತಲೆ. ಪೊದೆಗಳು ಸಾಲಾಗಿ ನಿಂತಿದ್ದವು, ಬೆಳೆದವುಗಳ ಹಾಗಲ್ಲ, ನಿಲ್ಲಿಸಿದವುಗಳ ಹಾಗೆ. ಗಾಳಿ ತಿರುಗಿದಾಗ ಆರಿದ ಬೆಂಕಿಕಡ್ಡಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಈ ದಿಬ್ಬದ ಮೇಲೆ ಹನ್ನೊಂದು ವರ್ಷ ಗಿಡ ಎಣಿಸಿದ ಹುಲ್ಲಕ್ಕ ಶುಕ್ರವಾರ ಬೆಳಿಗ್ಗೆ ಕೆಳಗಿನ ಕೆಸರುಕೊಳದಲ್ಲಿ ತಲೆಯೊಡೆದ ಹೆಣವಾಗಿ ಸಿಕ್ಕಿದ್ದಳು. ಅವಳ ಒಡಹುಟ್ಟಿದ ತಮ್ಮ, ಅವಳ ಜೀಪಿನ ಡ್ರೈವರ್, ಲಾಕಪ್ಪಿನಲ್ಲಿದ್ದ. ನಾಳೆ ಹನ್ನೊಂದು ಗಂಟೆಗೆ ಅವನು ಕೊಲೆಗಾರನೆಂದು ಕೋರ್ಟಿನ ಮುಂದೆ ನಿಲ್ಲಬೇಕು.

ಅವನು ಕೊಂದಿಲ್ಲ ಎಂದು ನಂಬಿದ್ದವಳು ಇಡೀ ಠಾಣೆಯಲ್ಲಿ ಇನ್ಸ್‌ಪೆಕ್ಟರಮ್ಮ ಒಬ್ಬಳೇ. ನಂಬಿಕೆಯನ್ನು ಕೋರ್ಟಿಗೆ ಕೊಡಲಾಗುವುದಿಲ್ಲ. ಅದಕ್ಕೇ ಭಾನುವಾರದ ಬಿಸಿಲಲ್ಲಿ ಈ ಏರು ಹತ್ತುತ್ತಿದ್ದಳು.

"ಗುರುವಾರ ನೀನು ಕೆಲಸಕ್ಕೆ ಬಂದಿರಲಿಲ್ಲ ಅಲ್ವಾ?"

"ಇಲ್ಲ ಕಣಮ್ಮ. ಮಗಳ ಮನೇಲಿದ್ದೆ. ಇದ್ದಿದ್ರೆ ಹಿಂಗಾಗೋಕೆ ಬಿಡ್ತಿದ್ನಾ?"

ಗೂಟದಮ್ಮನಿಗೆ ಐವತ್ತೈದರ ಮೇಲಾಗಿತ್ತು. ಅಳತೆಯ ಗೂಟ ಹೊಡೆಯುವುದು, ಚೌಕಟ್ಟು ಹೊರುವುದು ಅವಳ ಕೆಲಸ. ಒಂದು ಮೀಟರಿನ ಕಬ್ಬಿಣದ ಚೌಕಟ್ಟನ್ನು ಹೆಗಲಿಗೆ ಹೂಮಾಲೆಯ ಹಾಗೆ ಹಾಕಿಕೊಂಡು ಮೇಕೆಯಂತೆ ಹತ್ತುತ್ತಿದ್ದಳು. ಬಲ ಅಂಗೈಗೆ ಹಳೇ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತು?"

"ಒಲೆ ಸುಟ್ಟಿತು. ಈ ವಯಸ್ಸಲ್ಲಿ ಕಣ್ಣು ಒಂದು ಕಡೆ ನೋಡಿದ್ರೆ ಕೈ ಇನ್ನೊಂದು ಕಡೆ ಹೋಗುತ್ತೆ."

"ಸರಿ. ಹುಲ್ಲಕ್ಕ ಕೊನೆಗೆ ಅಳೆದ ಜಾಗ ತೋರಿಸು."

ಗೂಟದಮ್ಮ ಹಿಂದೆಮುಂದೆ ನೋಡದೆ ನಡೆದಳು. ಪೊದೆಗಳ ನಡುವೆ ಹಾದು, ಒಂದು ಸಣ್ಣ ತಗ್ಗು ಇಳಿದು, ತುಕ್ಕು ಹಿಡಿದ ಗೂಟವೊಂದರ ಪಕ್ಕದಲ್ಲಿ ಚೌಕಟ್ಟನ್ನು ನೆಲಕ್ಕಿಟ್ಟಳು. ಗೂಟದ ತಲೆಯ ಮೇಲೆ ಬಿಳಿ ಬಣ್ಣದಲ್ಲಿ ಇಪ್ಪತ್ತೆರಡು ಎಂದು ಬರೆದಿತ್ತು.

ಇನ್ಸ್‌ಪೆಕ್ಟರಮ್ಮನ ಎದೆ ಹಗುರಾಯಿತು. ಹುಲ್ಲಕ್ಕನ ತಮ್ಮನ ಹೇಳಿಕೆಯಲ್ಲೂ ಇದೇ ಇತ್ತು. ಇಪ್ಪತ್ತೆರಡು ಗೂಟ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡಾಯಿತು, ಆಗ ಅಕ್ಕ ನನ್ನನ್ನು ಟೈರ್ ರಿಪೇರಿಗೆ ಪೇಟೆಗೆ ಕಳಿಸಿದಳು ಎಂದಿದ್ದ. ಟೈರ್ ಅಂಗಡಿಯವನೂ ಹೌದೆಂದಿದ್ದ. ಗೇಟಿನ ಪುಸ್ತಕದಲ್ಲಿ ಅವನು ವಾಪಸು ಬಂದದ್ದು ನಾಲ್ಕೂ ನಲವತ್ತಕ್ಕೆ.

ಕೆಡಿಸಿದ್ದು ಆ ಹಾಳೆಗಳು. ಜೀಪಿನ ಸೀಟಿನ ಮೇಲೆ ಸಿಕ್ಕಿದ್ದು ಇಪ್ಪತ್ತೆರಡಲ್ಲ, ನಲವತ್ತು ಹಾಳೆ. ಒಂದೊಂದರ ಮೇಲೂ ಗೂಟದ ಸಂಖ್ಯೆ, ತಾರೀಕು, ಹೊತ್ತು. ಕೊನೆಯದರ ಮೇಲೆ ನಾಲ್ಕೂ ಐವತ್ತು. ಎಲ್ಲವೂ ಹುಲ್ಲಕ್ಕನ ಅಕ್ಷರ. ಅಂದರೆ ಸಂಜೆ ಐದರವರೆಗೂ ಅವಳು ಜೀವಂತ. ಮೂರು ಗಂಟೆಗೆಲ್ಲ ಗಣಿಯವರು ಮನೆ ಸೇರಿದ್ದರು. ಐದರ ನಂತರ ದಿಬ್ಬದ ಮೇಲೆ ಅಕ್ಕ ಮತ್ತು ತಮ್ಮ, ಇಬ್ಬರೇ. ಬೆಳಿಗ್ಗೆ ಅವರಿಬ್ಬರೂ ಏನೋ ಜಗಳವಾಡಿದ್ದನ್ನು ಗೇಟಿನವನು ಕೇಳಿದ್ದ. ಇಷ್ಟು ಸಾಕಾಗಿತ್ತು ಮೇಲಿನವರಿಗೆ.

"ಅವಳು ಹೇಗೆ ಅಳೀತಿದ್ದಳು, ಹಾಗೇ ಮಾಡಿ ತೋರಿಸು."

"ನಂಗೆ ಓದು ಬರಲ್ಲ. ನೋಡಿದ್ದು ಹೇಳ್ತೀನಿ, ಅಷ್ಟೇ." ಗೂಟದಮ್ಮ ಚೌಕಟ್ಟಿನ ಪಕ್ಕ ಮಂಡಿಯೂರಿದಳು. "ಅಮ್ಮ, ಬೂಟು ಒಳಗೆ ಇಡಬೇಡಿ. ಅವಳಿದ್ದಿದ್ರೆ ಮೊಣಕಾಲಿಗೆ ಒಂದು ಬಿಡ್ತಿದ್ದಳು."

ಇನ್ಸ್‌ಪೆಕ್ಟರಮ್ಮ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು.

"ಮೊದಲು ನಿಂತ್ಕೊಂಡು ಮೇಲಿಂದ ನೋಡೋಳು. ಈ ಪೊದೆ ಚೌಕಟ್ಟಲ್ಲಿ ಎಷ್ಟು ಮುಚ್ಚಿದೆ ಅಂತ. ಎಂಬತ್ತು ಅನ್ನೋಳು, ಬರಕೊಳ್ಳೋಳು. ಆಮೇಲೆ ಪೊದೆ ಸರಿಸಿ ಕೆಳಗಿನ ಹುಲ್ಲು ನೋಡೋಳು. ಅರವತ್ತು ಅನ್ನೋಳು. ಆಮೇಲೆ ಹುಲ್ಲನ್ನೂ ಬಗೆದು ನೆಲಕ್ಕಂಟಿದ ಪಾಚಿ. ಅದಕ್ಕೊಂದು ಲೆಕ್ಕ."

"ಎಂಬತ್ತಾದ ಮೇಲೆ ಉಳಿಯೋದು ಇಪ್ಪತ್ತಲ್ಲವೇನೇ?"

"ಪೊದೆ ಕೆಳಗೆ ಹುಲ್ಲು ಇರಬಾರದಾ? ಮಂಚದ ಮೇಲೆ ಗಂಡ ಮಲಗಿದ್ದಾನೆ ಅಂತ ಮಂಚದ ಕೆಳಗೆ ಬೆಕ್ಕು ಮಲಗಲ್ವಾ?"

ಕಾನ್‌ಸ್ಟೇಬಲ್ ಫಕ್ಕನೆ ನಕ್ಕ. ಅವನನ್ನು ಠಾಣೆಯಲ್ಲಿ ಗಡಿಯಾರ ಎಂದು ಕರೆಯುತ್ತಿದ್ದರು, ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾರದಿದ್ದಕ್ಕೆ.

ಇನ್ಸ್‌ಪೆಕ್ಟರಮ್ಮ ನಗಲಿಲ್ಲ. ಅವನ ಕೈಯಿಂದ ಹಾಳೆಗಳ ಜೆರಾಕ್ಸ್ ಪ್ರತಿ ಕಿತ್ತುಕೊಂಡಳು.

"ಗಡಿಯಾರ, ಕೂಡು. ಒಂದೊಂದು ಹಾಳೆಯ ಮೂರೂ ಅಂಕಿ. ಪೊದೆ, ಹುಲ್ಲು, ಪಾಚಿ."

ಅವನು ಹರಿದ ಅಂಗಿಯಲ್ಲೇ ಕಲ್ಲಿನ ಮೇಲೆ ಕೂತು ಕೂಡಿದ. ಒಂದನೇ ಹಾಳೆ ನೂರಾ ನಲವತ್ತು. ಎರಡನೆಯದು ನೂರಾ ಹದಿನೆಂಟು. ಮೂರು, ಎಂಬತ್ತೇಳು, ಬೊಕ್ಕತಲೆ ಜಾಗ. ನಾಲ್ಕು, ನೂರಾ ಅರವತ್ಮೂರು. ಒಂದರಂತೆ ಒಂದಿಲ್ಲ. ಇಪ್ಪತ್ತೆರಡನೆಯದು ನೂರಾ ಮೂವತ್ತಾರು.

"ಇಪ್ಪತ್ಮೂರು, ನೂರು," ಎಂದ ಗಡಿಯಾರ. "ಇಪ್ಪತ್ನಾಲ್ಕು, ನೂರು. ಇಪ್ಪತ್ತೈದು..." ಅವನ ದನಿ ನಿಧಾನವಾಯಿತು. "ಮೇಡಂ, ಇಲ್ಲಿಂದಾಚೆ ಎಲ್ಲಾ ನೂರೇ."

ಹದಿನೆಂಟು ಹಾಳೆ. ಹದಿನೆಂಟೂ ನೂರು. ಅರವತ್ತು, ಇಪ್ಪತ್ತೈದು, ಹದಿನೈದು. ಐವತ್ತು, ನಲವತ್ತು, ಹತ್ತು. ಕತ್ತರಿಸಿ ಹೊಂದಿಸಿದ ಹಾಗೆ.

ಹನ್ನೊಂದು ವರ್ಷ ಮಂಡಿಯೂರಿ ಹುಲ್ಲು ಬಗೆದವಳು ಬರೆದ ಅಂಕಿಗಳಲ್ಲ ಇವು. ದಿಬ್ಬ ಹತ್ತದೆ ಕೂತಲ್ಲೇ ಬರೆದವು. ಆ ಹದಿನೆಂಟು ಸುಳ್ಳಾದರೆ ಸಂಜೆ ಐದರ ಹೊತ್ತೂ ಸುಳ್ಳು. ಹುಲ್ಲಕ್ಕ ಮಧ್ಯಾಹ್ನವೇ ಸತ್ತಿರಬಹುದು, ತಮ್ಮ ಟೈರ್ ಅಂಗಡಿಯಲ್ಲಿದ್ದಾಗ.

"ಬಾ," ಎಂದಳು ಗೂಟದಮ್ಮನಿಗೆ. "ಚೌಕಟ್ಟೂ ತಗೋ. ಠಾಣೆಗೆ ಬಂದು ಇದನ್ನೇ ಹೇಳಿ ಹೆಬ್ಬೆಟ್ಟು ಒತ್ತಬೇಕು. ದಾರೀಲಿ ಒಂದು ಕಡೆ ನಿಂತು ಹೋಗೋಣ."

ಗೂಟದಮ್ಮ ಮೊಣಕಾಲಿನ ಮಣ್ಣು ಕೊಡವಿಕೊಂಡು ಎದ್ದಳು. ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು.

"ಈ ಗಲಾಟೇಲಿ ನಾಳೆ ಜಾಗ ಪಾಸಾಗೋದು ನಿಲ್ಲಲ್ಲ ತಾನೆ ಅಮ್ಮ?"

ನಾಳೆ ಕಮಿಟಿಯವರು ಬಂದು, ನೆಲ ಸುಧಾರಿಸಿದೆ ಎಂದು ಸಹಿ ಹಾಕಿದರೆ ದಿಬ್ಬ ಗಣಿಯವರ ಕೈಬಿಡುತ್ತಿತ್ತು. ತಗಡಿನ ಶೆಡ್ಡುಗಳಲ್ಲಿ ಒಂಬತ್ತು ವರ್ಷದಿಂದ ಕಾದಿರುವ ಕೂಲಿಯವರಿಗೆ ಇಲ್ಲೇ ಮನೆಜಾಗ. ಹುಲ್ಲಕ್ಕ ಕಳೆದ ಮೂರು ವರ್ಷವೂ ನೆಲ ಇನ್ನೂ ಸುಧಾರಿಸಿಲ್ಲ ಎಂದೇ ಬರೆದಿದ್ದಳು.

"ಅದೆಲ್ಲ ನಂಗೊತ್ತಿಲ್ಲ, ನಡಿ," ಎಂದಳು ಇನ್ಸ್‌ಪೆಕ್ಟರಮ್ಮ. ಅವಳ ತಲೆಯಲ್ಲಿ ಆಗಲೇ ಬೇರೊಬ್ಬ ಕೂತಿದ್ದ.

* * *

ಗಣಿಯ ಪರಿಸರ ವಿಭಾಗದ ಮುಖ್ಯಸ್ಥನಿಗೆ ಹಸಿರು ಸಾಹೇಬ ಎಂದು ಹೆಸರಿಟ್ಟವರು ಯಾರೋ, ಅವನ ಕೋಣೆ ನೋಡಿಯೇ ಇಟ್ಟಿರಬೇಕು. ಗೋಡೆಗೆ ಹಸಿರು ಬಣ್ಣ, ಮೇಜಿನ ಮೇಲೆ ಹಸಿರು ಬಟ್ಟೆ, ಮೂಲೆಯಲ್ಲಿ ಕುಂಡ. ಕುಂಡದಲ್ಲಿದ್ದ ಗಿಡ ಪ್ಲಾಸ್ಟಿಕ್ಕಿನದು. ಅದರ ಎಲೆಯ ಮೇಲೂ ಇದ್ದಲಿನ ಧೂಳು.

ನಾಳಿನ ಕಮಿಟಿಗಾಗಿ ಭಾನುವಾರವೂ ಫೈಲು ಜೋಡಿಸುತ್ತಿದ್ದ. ಇನ್ಸ್‌ಪೆಕ್ಟರಮ್ಮ ಕೂರಲಿಲ್ಲ. ಹದಿನೆಂಟು ಹಾಳೆಗಳನ್ನು ಅವನ ಫೈಲಿನ ಮೇಲೆ ಎಸೆದಳು.

"ಈ ಹದಿನೆಂಟರಲ್ಲಿ ಒಂದೂ ಬೊಕ್ಕತಲೆ ಜಾಗ ಇಲ್ಲ. ಇವು ಇದ್ರೆ ದಿಬ್ಬ ಪಾಸು. ಇಲ್ಲದಿದ್ರೆ ಫೇಲು. ಹೌದೋ ಅಲ್ವೋ?"

"ಹೌದು."

"ಬರೆದೋರು ಯಾರು?"

"ಹುಲ್ಲಕ್ಕ. ಶುಕ್ರವಾರ ನಾನೇ ಅಕ್ಷರ ಗುರುತಿಸಿ ಕೊಟ್ಟೆನಲ್ಲ ಮೇಡಂ."

"ಅದೇ ಹೇಳ್ತಿರೋದು. ಗುರುತಿಸಿದವರೂ ನೀವೇ, ಲಾಭ ನಿಮಗೇ. ಕುರ್ಚಿ ಮೇಲೆ ಕೂತು ಹುಲ್ಲು ಅಳೆದವರ ಅಂಕಿ ಸ್ವಾಮಿ ಇವು. ಎಲ್ಲಾ ನೂರು. ಎದ್ದೇಳಿ. ಹೊರಗೆ ಬನ್ನಿ."

ಆಫೀಸಿನ ಮುಂದಿನ ತುಂಡು ತೋಟದಲ್ಲಿ ಗೂಟದಮ್ಮ ಚೌಕಟ್ಟು ಹಾಸಿ ನಿಂತಿದ್ದಳು. ಇನ್ಸ್‌ಪೆಕ್ಟರಮ್ಮ ಒಂದು ಖಾಲಿ ಹಾಳೆ, ಪೆನ್ಸಿಲ್ಲು ಚಾಚಿದಳು.

"ಅಳೆದು ಬರೀರಿ."

ಹಸಿರು ಸಾಹೇಬ ಅವಳ ಮುಖ ನೋಡಿದ. ಇಸ್ತ್ರಿ ಮಾಡಿದ ಪ್ಯಾಂಟಿನ ಮೊಣಕಾಲನ್ನು ಸ್ವಲ್ಪ ಮೇಲೆಳೆದುಕೊಂಡು, ಸೀದಾ ಮಣ್ಣಿಗೆ ಮಂಡಿಯೂರಿದ. ಚೌಕಟ್ಟಿನ ಒಳಗೆ ಕಾಲಿಡಲಿಲ್ಲ. ಮೇಲಿಂದ ನೋಡಿ ಒಂದು ಅಂಕಿ ಬರೆದ. ಎಲೆ ಸರಿಸಿ ಇನ್ನೊಂದು. ಹುಲ್ಲು ಬಗೆದು ಮೂಗು ತಾಗುವಷ್ಟು ಬಗ್ಗಿ ಮತ್ತೊಂದು. ಹಾಳೆ ವಾಪಸು ಕೊಟ್ಟ.

ಎಪ್ಪತ್ತು. ಐವತ್ತೈದು. ಆರು. ಗಡಿಯಾರ ಮೆಲ್ಲಗೆ ಹೇಳಿದ, "ನೂರಾ ಮೂವತ್ತೊಂದು ಮೇಡಂ."

"ಆರು ವರ್ಷ ಈ ಚೌಕಟ್ಟು ಹೊತ್ತವನು ನಾನೂ," ಎಂದ ಹಸಿರು ಸಾಹೇಬ, ಮಣ್ಣು ಕೊಡವಿಕೊಳ್ಳುತ್ತ. "ಕುರ್ಚಿ ಆಮೇಲೆ ಬಂತು."

"ಹಾಗಾದ್ರೆ ಶುಕ್ರವಾರ ಈ ಹಾಳೆ ನೋಡಿದ ಕೂಡಲೇ ನಿಮಗೆ ಹೊಳೀಬೇಕಿತ್ತಲ್ಲ."

"ಹೊಳೀತು."

"ಮತ್ತೆ ಬಾಯಿಗೆ ಏನು ತುರುಕಿಕೊಂಡಿದ್ರಿ?"

ಹಸಿರು ಸಾಹೇಬ ಪೆನ್ಸಿಲ್ಲು ವಾಪಸು ಕೊಟ್ಟ. "ದಿಬ್ಬ ಪಾಸಾಗ್ಲಿ ಅಂತ ಸುಮ್ಮನಿದ್ದೆ. ಆದ್ರೆ ನಾನು ಬರೀಲಿಲ್ಲ. ಬರೆದವನು ಯಾರು ಅಂತ ಬೇಕಾದ್ರೆ ತೋರಿಸ್ತೀನಿ. ನಿಮಗೆ ಇಷ್ಟ ಆಗಲ್ಲ."

ಒಳಗೆ ಹೋಗಿ ಕಪಾಟಿನಿಂದ ಹೋದ ವರ್ಷದ ಕಟ್ಟು ತೆಗೆದ. ಹುಲ್ಲಕ್ಕ ಜ್ವರ ಬಂದು ಎರಡು ದಿನ ಮಲಗಿದ್ದಳಂತೆ. ಆ ಎರಡು ದಿನ ಅಳೆಯಲು ಹೋದವನು ಅವಳ ತಮ್ಮ. ಹತ್ತು ಹಾಳೆ. ಹತ್ತರ ಮೇಲೂ ಉದ್ದಕ್ಕೆ ಕೆಂಪು ಶಾಯಿಯ ಗೀಟು. ಮೊದಲ ಹಾಳೆಯ ಅಂಚಿನಲ್ಲಿ ಹುಲ್ಲಕ್ಕನ ಕೈಬರಹ:

'ತಮ್ಮಾ, ಇದು ಆಸ್ತಿ ಪಾಲು ಮಾಡುವ ಲೆಕ್ಕವಲ್ಲ. ಎಲ್ಲ ಸೇರಿ ನೂರಾಗಬೇಕಿಲ್ಲ. ಮತ್ತೆ ಅಳೆ.'

ಇನ್ಸ್‌ಪೆಕ್ಟರಮ್ಮ ಗೀಟಿನ ಕೆಳಗಿನ ಅಂಕಿಗಳನ್ನು ನೋಡಿದಳು. ಅರವತ್ತು, ಇಪ್ಪತ್ತೈದು, ಹದಿನೈದು. ಅದೇ ಕುತ್ತಿಗೆ ಬಗ್ಗಿದ ಎರಡು, ಅದೇ ಹೊಟ್ಟೆ ದಪ್ಪದ ಐದು. ಅಕ್ಕನ ಕೈ ಹಿಡಿದೇ ಬರೆಯಲು ಕಲಿತ ತಮ್ಮನ ಅಕ್ಷರ ಅಕ್ಕನದರಂತೆಯೇ ಇತ್ತು.

ಅವನನ್ನು ಬಿಡಿಸಲು ದಿಬ್ಬ ಹತ್ತಿ ತಂದ ಸಾಕ್ಷಿ, ಅವನ ಕುತ್ತಿಗೆಗೇ ಬಂದು ಬಿದ್ದಿತ್ತು.

* * *

ಲಾಕಪ್ಪಿನ ಬಾಗಿಲ ಹೊರಗಿನ ಬೆಂಚಿನ ಮೇಲೆ ಗೂಟದಮ್ಮನನ್ನು ಕೂರಿಸಿ, ಇನ್ಸ್‌ಪೆಕ್ಟರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಮ್ಮ ಗೋಡೆಗೊರಗಿ ಕೂತಿದ್ದ. ಮೂವತ್ತೈದರ ಗಟ್ಟಿಮುಟ್ಟಾದ ಆಳು, ಮೂರು ದಿನದಲ್ಲಿ ಒಗೆದು ಹಿಂಡಿದ ಬಟ್ಟೆಯ ಹಾಗಾಗಿದ್ದ.

ಕೆಂಪು ಗೀಟಿನ ಹಾಳೆಯನ್ನೂ ಗುರುವಾರದ ಹಾಳೆಯನ್ನೂ ಅವನ ಮುಂದೆ ಜೋಡಿಸಿಟ್ಟಳು.

"ಇಡೀ ಠಾಣೆ ನಿನ್ನ ಕೊಲೆಗಾರ ಅಂದಾಗ ನಾನೊಬ್ಬಳು ಅಲ್ಲ ಅಂದೆ. ಮೇಲಿನವರ ಹತ್ರ ಬೈಸಿಕೊಂಡೆ. ನನ್ನನ್ನ ಮೂರು ದಿನ ಮಂಗ ಮಾಡಿದೆಯಲ್ಲೋ."

ಅವನು ಕೆಂಪು ಅಕ್ಷರಗಳನ್ನು ನೋಡಿದ. ಅವುಗಳ ಮೇಲೆ ಬೆರಳಿಟ್ಟ. ಆಮೇಲೆ ಅವನ ಭುಜ ಕುಲುಕತೊಡಗಿತು.

"ಅಳೋದು ಆಮೇಲೆ. ಅಕ್ಕನ್ನ ಕೊಳಕ್ಕೆ ತಳ್ಳಿ, ಕೂತು ಹದಿನೆಂಟು ಹಾಳೆ ಬರೆದೆಯಾ?"

"ಬರೆದಿದ್ದು ನಾನೇ. ಗುರುವಾರ ಅಲ್ಲ ಮೇಡಂ. ಬುಧವಾರ ಸಂಜೆ. ಮನೇಲಿ." ಮೂಗು ಒರೆಸಿಕೊಂಡ. "ಅಕ್ಕ ಪಕ್ಕದಲ್ಲೇ ಕೂತಿದ್ದಳು."

ಇನ್ಸ್‌ಪೆಕ್ಟರಮ್ಮ ನೆಲದ ಮೇಲೆ ಅವನೆದುರು ಕೂತಳು.

"ಹೇಳು."

"ಅಕ್ಕನಿಗೆ ಗುರುವಾರ ಮಧ್ಯಾಹ್ನದ ಮೇಲೆ ನಾಲ್ಕೈದು ತಾಸು ಬಿಡುವು ಬೇಕಿತ್ತು. ಆ ಹೊತ್ತಲ್ಲಿ ದಿಬ್ಬದ ಮೇಲೆ ಅಳೀತಿದ್ದಳು ಅಂತ ಗಣಿಯವರು ನಂಬಬೇಕಿತ್ತು. ಅದಕ್ಕೆ ಹದಿನೆಂಟು ಹಾಳೆ ಮೊದಲೇ ಬರೆದಿಡು ಅಂದಳು. ಬರೆದೆ. ನೋಡಿ ನಕ್ಕಳು. ಮತ್ತೆ ನೂರಕ್ಕೇ ಕೂಡಿಸಿದ್ದೀಯಲ್ಲೋ ಕತ್ತೆ, ಇರ್ಲಿ ಬಿಡು, ಸುಳ್ಳು ಅನ್ನೋದಕ್ಕೆ ಗುರುತಿರ್ಲಿ ಅಂದಳು. ಎರಡು ದಿನ ಬಿಟ್ಟು ನಿಜವಾಗಿ ಅಳೆದು ಇವನ್ನ ಹರಿದು ಹಾಕ್ತೀನಿ ಅಂದಳು."

"ಬೆಳಿಗ್ಗೆ ಗೇಟಲ್ಲಿ ಜಗಳ ಯಾಕೆ?"

"ಹೋಗಬೇಡ ಅಂದೆ. ಕೇಳಲಿಲ್ಲ."

"ಎಲ್ಲಿಗೆ?"

"ಪೂರ್ವದ ಬೇಲಿ ಆಚೆ. ಅಲ್ಲಿ ಗೂಟ ಇಲ್ಲ, ಅಳೆಯೋಕೆ ಗಣಿಯವರು ಬಿಡೋದೂ ಇಲ್ಲ. ಅಲ್ಲಿ ಪೊದೆ ಬುಡದಿಂದ ಒಣಗ್ತಾ ಇದೆ ಮೇಡಂ. ಕೆಳಗೆ ಉಳಿದ ಇದ್ದಲು ಹೊತ್ತಿಕೊಂಡಿದೆ. ಮೇಲೆ ಹಸಿರು, ಮೂರು ಅಡಿ ಕೆಳಗೆ ಕೆಂಡ. ಕಬ್ಬಿಣದ ಗೂಟ ಹೊಡೆದು ಕಿತ್ತರೆ ಕೈ ಚರ್ಮ ಅದಕ್ಕೇ ಅಂಟ್ಕೊಳ್ಳುತ್ತೆ. ಅಕ್ಕ ಅದನ್ನ ಅಳೆದು ಕಮಿಟಿಗೆ ಕೊಡಬೇಕು ಅಂತಿದ್ದಳು. ಕೊಟ್ಟಿದ್ರೆ ಈ ದಿಬ್ಬದ ಮೇಲೆ ಯಾರೂ ಮನೆ ಕಟ್ಟೋ ಹಾಗಿರಲಿಲ್ಲ, ಇನ್ನು ಇಪ್ಪತ್ತು ವರ್ಷ."

"ಇದನ್ನ ಶುಕ್ರವಾರವೇ ಹೇಳೋಕೆ ನಿನಗೇನಾಗಿತ್ತು?"

"ಹನ್ನೊಂದು ವರ್ಷ ಒಂದು ಸುಳ್ಳು ಅಂಕಿ ಬರೀಲಿಲ್ಲ ಅವಳು. ಸತ್ತ ಮೇಲೆ ಕಳ್ಳಿ ಅನ್ನಿಸ್ಕೋಬೇಕಾ? ಇನ್ನೊಂದೂ ಇದೆ." ತಲೆ ತಗ್ಗಿಸಿದ. "ಅವಳ ಜೊತೆ ಒಬ್ಬರಿದ್ರು. ಹೆಸರು ಎತ್ತಬೇಡ, ಅವರ ಕೆಲಸ ಹೋಗುತ್ತೆ, ಮನೆಜಾಗ ಹೋಗುತ್ತೆ ಅಂತ ಮಾತು ತಗೊಂಡಿದ್ದಳು."

"ನಾಳೆ ಹನ್ನೊಂದಕ್ಕೆ ನಿನ್ನ ತಲೆ ಹೋಗುತ್ತಲ್ಲೋ. ಅದಕ್ಕೆ ಯಾರು ಮಾತು ತಗೊಂಡಿದ್ದಾರೆ?"

ಹೊರಗೆ ಗಡಿಯಾರ ಯಾರಿಗೋ ನೀರು ಕೊಡುವ ಸದ್ದು.

"ಗೂಟದಮ್ಮ," ಎಂದ ಕೊನೆಗೆ. "ಇಪ್ಪತ್ತೆರಡನೇ ಗೂಟದವರೆಗೂ ಚೌಕಟ್ಟು ಹಿಡಿದಿದ್ದು ಅವರೇ. ನಾನು ಪೇಟೆಗೆ ಹೊರಟಾಗ ಅವರಿಬ್ಬರೂ ಅಲ್ಲೇ ನಿಂತಿದ್ರು. ಅವರನ್ನ ಕರೆಸಿ ಮೇಡಂ. ನಮಗೆ ತಾಯಿ ಇದ್ದ ಹಾಗೆ ಅವರು. ನಾನು ಹನ್ನೆರಡಕ್ಕೇ ಹೋದೆ ಅಂತ ಅವರೊಂದು ಮಾತು ಹೇಳಿದ್ರೆ ಸಾಕು, ನಾನು ಉಳೀತೀನಿ. ನಂಗಿರೋ ಸಾಕ್ಷಿ ಅವರೊಬ್ಬರೇ."

ಇನ್ಸ್‌ಪೆಕ್ಟರಮ್ಮನಿಗೆ ಬೆಳಗಿನ ಬಿಸಿಲು ಮತ್ತೆ ನೆತ್ತಿಗೆ ಹೊಡೆದ ಹಾಗಾಯಿತು.

ಹುಲ್ಲಕ್ಕ ಕೊನೆಗೆ ಅಳೆದ ಜಾಗ ತೋರಿಸು ಎಂದಿದ್ದಳು ತಾನು. ಕಾಗದದ ಪ್ರಕಾರ, ಆಫೀಸಿನ ಪ್ರಕಾರ, ಇಡೀ ಊರಿನ ಪ್ರಕಾರ ಕೊನೆಯದು ನಲವತ್ತನೇ ಗೂಟ. ಗುರುವಾರ ಮಗಳ ಮನೆಯಲ್ಲಿದ್ದ, ಓದು ಬಾರದ ಹೆಂಗಸು ಒಂದು ಕ್ಷಣವೂ ತಡೆಯದೆ ಇಪ್ಪತ್ತೆರಡಕ್ಕೆ ಹೋಗಿ ನಿಂತಿದ್ದಳು. ತನಗೆ ಬೇಕಾದ ಸಂಖ್ಯೆ ಕಂಡಿತೆಂದು ತಾನು ಹಿಗ್ಗಿದ್ದೇ ಹಿಗ್ಗಿದ್ದು.

ಗೇಟಿನ ಪುಸ್ತಕಕ್ಕೆ ಸಿಗದ ಬೇಲಿಯ ಸಂದಿ. ಒಲೆ ಸುಟ್ಟ ಕೈ.

ಎದ್ದು ಬಾಗಿಲು ತೆರೆದಳು.

ಗೂಟದಮ್ಮ ಬೆಂಚಿನ ಮೇಲೆ ಕೂತೇ ಇದ್ದಳು. ಚೌಕಟ್ಟು ಗೋಡೆಗೆ ಒರಗಿತ್ತು. ನೀರಿನ ಲೋಟ ಹಿಡಿಯಲೆಂದು ಬಲಗೈಯ ಬಟ್ಟೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಅಂಗೈಯ ಅಡ್ಡಕ್ಕೆ, ಈ ತುದಿಯಿಂದ ಆ ತುದಿಗೆ, ಒಂದು ಗೂಟದ ದಪ್ಪಕ್ಕೆ ಸರಿಯಾಗಿ, ನೇರವಾದ ಬರೆ.

ಅವಳು ತಲೆಯೆತ್ತಿದಳು. ಮುಖದಲ್ಲಿ ಭಯವಿರಲಿಲ್ಲ. ಒಂಬತ್ತು ವರ್ಷ ತಗಡಿನ ಕೆಳಗೆ ಕಾದವರ ದಣಿವಿತ್ತು, ಅಷ್ಟೇ.

"ಎಲ್ಲಿ ಒತ್ತಬೇಕು ಹೇಳಿ ಅಮ್ಮ, ಒತ್ತಿ ಹೋಗ್ತೀನಿ," ಎಂದಳು. "ನಾಳೆ ಜಾಗ ಪಾಸಾಗುತ್ತೆ ತಾನೆ?"